ಒಬ್ಬರ ಮಾತು, ಇನ್ನೊಬ್ಬರ ಬಾಯಿ

ಮಾತು ಆಡಿದವನ ಬಾಯಿಂದ ಹೊರಟೊಡನೆ ಅವನ ಕೈಮೀರಿ ಹೋಗುತ್ತದೆ. ಕೇಳಿದವನು ಅದನ್ನು ಮೂರನೆಯವನಿಗೆ ಮುಟ್ಟಿಸುತ್ತಾನೆ, ಮೂರನೆಯವನು ನಾಲ್ಕನೆಯವನಿಗೆ. ಹೀಗೆ ಸಾಗುವಾಗ ಮಾತಿನ ಒಂದಂಶ ದಾರಿಯಲ್ಲಿ ಉದುರಿಹೋಗಬಹುದು. ಹೊತ್ತವನೇ ತನ್ನದೊಂದು ಹಿಡಿಯನ್ನು ಸೇರಿಸಲೂಬಹುದು. ‘ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು’ ಎಂದು ಹಿರಿಯರು ಗಾದೆ ಕಟ್ಟಿದರು. ಮನೆ ಕೆಡಿಸುವ ಮಾತು ಯಾವಾಗಲೂ ಆಡಿದವನ ಮಾತೇ ಆಗಿರಬೇಕೆಂದಿಲ್ಲ. ಎಷ್ಟೋ ವೇಳೆ ಅದು ಮುಟ್ಟಿಸಿದವನ ಮಾತಾಗಿರುತ್ತದೆ. ಆದುದರಿಂದ ಇನ್ನೊಬ್ಬರ ಮಾತನ್ನು ನಾವು ಯಾವ ಪದದಿಂದ ಹೇಳುತ್ತೇವೆ ಎಂಬುದು ವ್ಯಾಕರಣದ ಪ್ರಶ್ನೆ ಮಾತ್ರವಲ್ಲ. ಅದು ನ್ಯಾಯದ ಪ್ರಶ್ನೆಯೂ ಹೌದು. ಮಾನ್ವಿಯ ಒಂದು ಪ್ರೌಢಶಾಲೆಯಲ್ಲಿ ಕೆಲವು ವರ್ಷಗಳ ಕೆಳಗೆ ನಡೆದ ಒಂದು ಸಣ್ಣ ಪ್ರಸಂಗ ಇದಕ್ಕೆ ನಿದರ್ಶನವಾಗಿದೆ.

ಆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಉಪಾಧ್ಯಾಯರು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯವರು. ಕಾಲೇಜು ವ್ಯಾಸಂಗ ಮಾಡಿದುದು ರಾಯಚೂರಿನಲ್ಲಿ. ಅಲ್ಲಿ ಓದುತ್ತಿದ್ದ ದಿನಗಳಲ್ಲಿ ಸಂಜೆಯ ವೇಳೆ ತೀನ್ ಕಂದೀಲ್ ಬಳಿಯ ಅಂಗಡಿಗಳ ಸಾಲಿನಲ್ಲಿ ಸುತ್ತಾಡುವುದು ಅವರಿಗೆ ಪ್ರಿಯವಾದ ಅಭ್ಯಾಸವಾಗಿತ್ತು. ಕೃಷ್ಣೆ ತುಂಗಭದ್ರೆಗಳ ನಡುವಣ ಆ ಸೀಮೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು. ಪೂರ್ವಕ್ಕೆ ತೆಲುಗು ನಾಡು ಅಂಟಿಕೊಂಡಿದೆ. ಹೀಗಾಗಿ ರಾಯಚೂರಿನ ಅಂಗಡಿಯ ಮುಂದೆ ಐದು ನಿಮಿಷ ನಿಂತವನಿಗೆ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಅಲ್ಲಿ ನಿಂತು ಕೇಳುತ್ತ ಕೇಳುತ್ತ ಅವರು ಒಂದು ಸಂಗತಿಯನ್ನು ಗಮನಿಸಿದ್ದರು. ಈ ಮೂರು ಭಾಷೆಗಳ ಜನರೂ ಇನ್ನೊಬ್ಬರ ಮಾತನ್ನು ಹೇಳುವಾಗ ಅದನ್ನು ಹೆಚ್ಚು ಕಡಿಮೆ ಇದ್ದಂತೆಯೇ ಇಟ್ಟು ಹೇಳುತ್ತಾರೆ.

ಗೆಳೆಯನು ‘ನಾಳೆ ಬರುತ್ತೇನೆ’ ಎಂದು ಹೇಳಿಹೋದನೆನ್ನಿ. ಕನ್ನಡಿಗನು ಅದನ್ನು ‘ನಾಳೆ ಬರುತ್ತೇನೆ ಎಂದನು’ ಎಂದೇ ತಿಳಿಸುತ್ತಾನೆ. ತೆಲುಗಿನವನು ‘ವಸ್ತಾನನಿ ಚೆಪ್ಪಾಡು’ ಎನ್ನುತ್ತಾನೆ. ಉರ್ದು ಮಾತನಾಡುವವನು ‘ಉಸ್ ನೇ ಕಹಾ ಕಿ ಮೈಂ ಆವೂಂಗಾ’ ಎನ್ನುತ್ತಾನೆ. ಮೂರರಲ್ಲಿಯೂ ಬರುವವನು ‘ನಾನು’ ಆಗಿಯೇ ಉಳಿಯುತ್ತಾನೆ, ಕಾಲವೂ ಬದಲಾಗುವುದಿಲ್ಲ. ಕನ್ನಡದ ‘ಎಂದು’, ತೆಲುಗಿನ ‘ಅನಿ’, ಉರ್ದುವಿನ ‘ಕಿ’ ಇವು ಒಂದು ಬೇಲಿಯಂತೆ ನಿಲ್ಲುತ್ತವೆ. ಬೇಲಿಯ ಒಳಗಿರುವುದು ಆಡಿದವನ ಮಾತು, ಹೊರಗಿರುವುದು ಹೇಳಿದವನ ಮಾತು.

ಇಂಗ್ಲಿಷಿನ ಪರೋಕ್ಷ ಕಥನದಲ್ಲಿ ಈ ಬೇಲಿ ಸಡಿಲವಾಗುತ್ತದೆ. ಅಲ್ಲಿ ‘ಹಿ ಸೆಡ್ ದಟ್ ಹಿ ವುಡ್ ಕಮ್’ ಎನ್ನಬೇಕು. ‘ನಾನು’ ಹೋಗಿ ‘ಅವನು’ ಬಂದಿತು. ಭವಿಷ್ಯತ್ತು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ‘ಇಂದು’ ಎಂಬುದು ‘ಅಂದು’ ಆಗುತ್ತದೆ. ‘ಇಲ್ಲಿ’ ಎಂಬುದು ‘ಅಲ್ಲಿ’ ಆಗುತ್ತದೆ. ಎಂದರೆ, ಆಡಿದವನ ಮಾತನ್ನು ಹೇಳುವವನು ತಾನು ನಿಂತ ಜಾಗದಿಂದ, ತನ್ನ ಹೊತ್ತಿನಿಂದ ನೋಡಿ ಮತ್ತೆ ಕಟ್ಟುತ್ತಾನೆ. ಇದರಲ್ಲಿ ಒಂದು ತೊಡಕೂ ಉಂಟು. ‘ಅವನು ತೆಗೆದುಕೊಂಡನೆಂದು ಅವನು ಹೇಳಿದನು’ ಎಂಬರ್ಥದ ಇಂಗ್ಲಿಷ್ ವಾಕ್ಯದಲ್ಲಿ ತೆಗೆದುಕೊಂಡವನೂ ಹೇಳಿದವನೂ ಒಬ್ಬನೇ ಅಥವಾ ಇಬ್ಬರೇ ಎಂಬುದು ವಾಕ್ಯದಿಂದ ತಿಳಿಯದು. ಕನ್ನಡದಲ್ಲಿ ‘ನಾನು ತೆಗೆದುಕೊಂಡೆ ಎಂದನು’ ಎಂದರೆ ಆ ಸಂದೇಹಕ್ಕೆ ಎಡೆಯೇ ಇಲ್ಲ.

ಹತ್ತನೆಯ ತರಗತಿಯ ಮಕ್ಕಳಿಗೆ ಈ ಪಾಠ ಕಬ್ಬಿಣದ ಕಡಲೆಯೆನಿಸುವುದು ಸಹಜ. ಆ ಉಪಾಧ್ಯಾಯರು ಅದನ್ನು ಬೇಸರವಿಲ್ಲದೆ ಕಲಿಸುತ್ತಿದ್ದರು. ರೆನ್ ಮತ್ತು ಮಾರ್ಟಿನ್ ಎಂಬಿಬ್ಬರು ಬರೆದ, ಈ ದೇಶದ ಶಾಲೆಗಳಲ್ಲಿ ಹಲವು ತಲೆಮಾರುಗಳು ಉರು ಹೊಡೆದ ವ್ಯಾಕರಣ ಪುಸ್ತಕವೊಂದು ಅವರ ಮೇಜಿನ ಮೇಲೆ ಸದಾ ಇರುತ್ತಿತ್ತು. ಪುರುಷ, ಕಾಲಗಳ ಬದಲಾವಣೆಯ ನಿಯಮಗಳು ಮುಗಿದ ಮೇಲೆ ಅವರು ಕ್ರಿಯಾಪದಗಳ ಕಡೆಗೆ ತಿರುಗುತ್ತಿದ್ದರು. ಮಕ್ಕಳು ಪ್ರತಿ ವಾಕ್ಯಕ್ಕೂ ‘ಸೆಡ್’ ಎಂಬ ಒಂದೇ ಪದವನ್ನು ಅಂಟಿಸುವುದು ಅವರಿಗೆ ಒಗ್ಗುತ್ತಿರಲಿಲ್ಲ. “ಊಟಕ್ಕೆ ದಿನವೂ ಒಂದೇ ಪಲ್ಯವಾದರೆ ಹೇಗೆ? ಬರವಣಿಗೆಯೂ ಹಾಗೆಯೇ” ಎಂದು ಹೇಳಿ ಕರಿಹಲಗೆಯ ಮೇಲೆ ಒಂದು ದೊಡ್ಡ ಪಟ್ಟಿಯನ್ನು ಬರೆಯುತ್ತಿದ್ದರು. ಟೆಲ್, ಆಸ್ಕ್, ರಿಪ್ಲೈ, ಪ್ರಾಮಿಸ್, ವಾರ್ನ್, ಸಜೆಸ್ಟ್, ಇನ್‌ಸಿಸ್ಟ್, ಕ್ಲೇಮ್, ಅಡ್ಮಿಟ್, ಕನ್‌ಫೆಸ್, ಡಿನೈ, ಅಲೆಜ್ ಎಂದು ಪಟ್ಟಿ ಬೆಳೆಯುತ್ತಿತ್ತು. “ಇವುಗಳಲ್ಲಿ ಯಾವುದನ್ನಾದರೂ ಹಾಕಿರಿ, ‘ಸೆಡ್’ ಒಂದನ್ನು ಮಾತ್ರ ಮತ್ತೆ ಮತ್ತೆ ತರಬೇಡಿರಿ” ಎನ್ನುತ್ತಿದ್ದರು. ಮಕ್ಕಳು ಪಟ್ಟಿಯನ್ನು ನೋಟುಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು.

ತರಗತಿಯ ಕೋಣೆಯಲ್ಲಿ ಒಂದು ಬೀರು ಇತ್ತು. ಅದರಲ್ಲಿ ನಲವತ್ತೈವತ್ತು ಪುಸ್ತಕಗಳು. ಯಾರು ಯಾವ ಪುಸ್ತಕವನ್ನು ಒಯ್ದರೆಂಬುದನ್ನು ತರಗತಿಯ ನಾಯಕಿ ಒಂದು ವಹಿಯಲ್ಲಿ ಬರೆದಿಡಬೇಕು. ಅಭ್ಯಾಸವಾಗಲೆಂದು ಆ ಬರವಣಿಗೆ ಇಂಗ್ಲಿಷಿನಲ್ಲಿಯೇ ಇರಬೇಕೆಂದು ಉಪಾಧ್ಯಾಯರು ವಿಧಿಸಿದ್ದರು. ನಾಯಕಿ ಶ್ರದ್ಧೆಯುಳ್ಳ ಹುಡುಗಿ. ಹೊಸ ಪದ ಕಲಿತರೆ ಅದನ್ನು ಅಂದೇ ಬಳಸಿ ನೋಡಬೇಕೆಂಬ ಉತ್ಸಾಹ ಅವಳದು.

ಒಂದು ಶನಿವಾರ, ಬೆಳಗಿನ ಶಾಲೆ ಬಿಡುವ ಹೊತ್ತಿಗೆ, ವಿದ್ಯಾರ್ಥಿನಿಲಯದಲ್ಲಿದ್ದ ಒಬ್ಬ ಹುಡುಗ ಬೀರುವಿನಿಂದ ಇಂಗ್ಲಿಷ್ ನಿಘಂಟನ್ನು ತೆಗೆದುಕೊಂಡನು. ಕೋಣೆಯಿಂದ ಹೊರಡುತ್ತ ನಾಯಕಿಗೆ, “ಡಿಕ್ಷನರಿ ಒಯ್ಯಾಕತ್ತೀನಿ, ಸೋಮವಾರ ತಂದಿಡ್ತೀನಿ, ಬರ್ಕೋ” ಎಂದನು. ಅವಳು ವಹಿಯನ್ನು ತೆರೆದಳು. ‘ಸೆಡ್’ ಎಂದು ಬರೆಯಲು ಹೋದವಳಿಗೆ ಉಪಾಧ್ಯಾಯರ ಮಾತು ನೆನಪಾಯಿತು. ನೋಟುಪುಸ್ತಕದ ಪಟ್ಟಿಯನ್ನು ನೋಡಿದಳು. ಇದುವರೆಗೆ ಬಳಸದೆ ಇದ್ದ, ನೋಡಲು ಗಂಭೀರವಾದ ಒಂದು ಪದವನ್ನು ಆರಿಸಿಕೊಂಡಳು. ನಿಘಂಟನ್ನು ತೆಗೆದುಕೊಂಡುದಾಗಿ ಅವನು ‘ಕನ್‌ಫೆಸ್ಡ್’ ಎಂದು ಬರೆದಳು. ಆ ಪದದ ಅರ್ಥವನ್ನು ನೋಡೋಣವೆಂದರೆ ನಿಘಂಟು ಆಗಲೇ ಬಾಗಿಲು ದಾಟಿ ಹೋಗಿತ್ತು.

ಕನ್‌ಫೆಸ್ ಎಂದರೆ ಬರಿದೆ ಹೇಳುವುದಲ್ಲ. ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದು. ಆ ಪದ ಬಂದೊಡನೆ ತಪ್ಪೊಂದು ನಡೆದಿದೆ ಎಂಬುದೂ, ಅದು ಮುಚ್ಚಿಟ್ಟ ತಪ್ಪೆಂಬುದೂ, ಮಾಡಿದವನು ಇವನೇ ಎಂಬುದೂ ತಾವಾಗಿ ವಾಕ್ಯದೊಳಗೆ ಬಂದು ಕೂಡುತ್ತವೆ. ಹುಡುಗನು ಆಡಿದ ಮಾತಿನಲ್ಲಿ ಇವು ಯಾವುವೂ ಇರಲಿಲ್ಲ.

ಸೋಮವಾರ ಆ ಹುಡುಗನಿಗೆ ಜ್ವರ. ಅವನು ಶಾಲೆಗೆ ಬರಲಿಲ್ಲ, ನಿಘಂಟೂ ಬರಲಿಲ್ಲ. ಅದಕ್ಕೆ ಹಿಂದಿನ ತಿಂಗಳು ಬೇರೆ ತರಗತಿಗಳ ಬೀರುಗಳಿಂದ ಎರಡು ಪುಸ್ತಕಗಳು ಕಾಣೆಯಾಗಿದ್ದವು. ಹೊಸದಾಗಿ ವರ್ಗವಾಗಿ ಬಂದಿದ್ದ ಮುಖ್ಯೋಪಾಧ್ಯಾಯರು ಅಂದು ಎಲ್ಲ ತರಗತಿಗಳ ವಹಿಗಳನ್ನು ತರಿಸಿ ನೋಡಿದರು. ಈ ವಾಕ್ಯ ಅವರ ಕಣ್ಣಿಗೆ ಬಿದ್ದಿತು. ಹುಡುಗನು ತಪ್ಪೊಪ್ಪಿಕೊಂಡಿದ್ದಾನೆ, ಪುಸ್ತಕವನ್ನು ಮಾತ್ರ ಹಿಂದಿರುಗಿಸಿಲ್ಲ, ಶಾಲೆಗೂ ಬಂದಿಲ್ಲ. ಅವರು ಇನ್ನೇನು ತಿಳಿಯಬೇಕು? ಹುಡುಗನ ತಂದೆಯನ್ನು ಕರೆಸುವಂತೆ ಗುಮಾಸ್ತರಿಗೆ ಹೇಳಿದರು. ಗುಮಾಸ್ತರು ದೇವದುರ್ಗದ ಆಚೆಗಿನ ಆ ಹಳ್ಳಿಯ ಕಿರಾಣಿ ಅಂಗಡಿಗೆ ಫೋನು ಮಾಡಿದರು. ಅಂಗಡಿಯವನು ಸಂಜೆ ಹೊಲದಿಂದ ಹಿಂದಿರುಗುತ್ತಿದ್ದ ತಂದೆಯನ್ನು ನಿಲ್ಲಿಸಿ, “ನಿನ್ನ ಮಗ ಸಾಲ್ಯಾಗ ಪುಸ್ತಕ ಕದ್ದಾನಂತ. ಹೆಡ್‌ಮಾಸ್ತರು ಕರದಾರ” ಎಂದು ತಿಳಿಸಿದನು. ‘ಒಯ್ಯುತ್ತೇನೆ, ಬರೆದುಕೋ’ ಎಂದು ಹೊರಟ ಮಾತು ನಾಲ್ಕು ಬಾಯಿಗಳನ್ನು ದಾಟಿ ‘ಕದ್ದಾನಂತ’ ಎಂದು ಊರನ್ನು ಸೇರಿತು. ದಾರಿಯಲ್ಲಿ ಒಬ್ಬರೂ ಬೇಕೆಂದು ಸುಳ್ಳಾಡಿರಲಿಲ್ಲ.

ತಂದೆ ಹತ್ತಿ ಬಿಡಿಸುವ ಕೂಲಿಯನ್ನು ಬಿಟ್ಟು, ಎರಡು ಬಸ್ಸುಗಳನ್ನು ಬದಲಿಸಿ, ಮರುದಿನ ಶಾಲೆಗೆ ಬಂದನು. ಮುಖ್ಯೋಪಾಧ್ಯಾಯರು ಕುಳಿತುಕೊಳ್ಳುವಂತೆ ಹೇಳಿದರೂ ಕುಳಿತುಕೊಳ್ಳಲಿಲ್ಲ. ಕರೆಬಂದು ಕೋಣೆಗೆ ಬಂದ ಇಂಗ್ಲಿಷ್ ಉಪಾಧ್ಯಾಯರು ತಮ್ಮ ಸೀಮೆಯ ಆ ಮುಖವನ್ನು ನೋಡಿದರು. ಸಿಟ್ಟಿಗಿಂತ ಹೆಚ್ಚಾಗಿ ಅದರಲ್ಲಿ ನಾಚಿಕೆಯಿತ್ತು. ಆದರೂ ಅವನು ಆಡಿದ ಮಾತು ಸ್ಪಷ್ಟವಾಗಿತ್ತು.

“ಅಂಗಡ್ಯಾವ ಕದ್ದಾನಂತ ಅಂದಾನ್ರಿ ಸರ, ಕದ್ದಾನ ಅಂದಿಲ್ಲ. ಆ ‘ಅಂತ’ ಯಾರದೈತಿ ಅಂತ ಕೇಳಾಕ ಬಂದೀನ್ರಿ.”

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಓದು ಬರಹ ಅರಿಯದ ಒಬ್ಬ ಒಕ್ಕಲಿಗನು ಕನ್ನಡ ನುಡಿಯ ಒಂದು ಸೂಕ್ಷ್ಮವನ್ನು ಹಿಡಿದು ನ್ಯಾಯ ಕೇಳುತ್ತಿದ್ದನು. ‘ಕದ್ದಿದ್ದಾನೆ’ ಎನ್ನುವವನು ಆ ಮಾತಿಗೆ ತಾನೇ ಹೊಣೆಯಾಗುತ್ತಾನೆ. ‘ಕದ್ದಿದ್ದಾನಂತೆ’ ಎನ್ನುವವನು, ನಾನು ಕಂಡಿಲ್ಲ, ಕೇಳಿದ್ದೇನೆ ಎಂದು ಹೊಣೆಯನ್ನು ಹಿಂದಿನವನಿಗೆ ದಾಟಿಸುತ್ತಾನೆ. ತೆಲುಗಿನಲ್ಲಿ ‘ಅಟ’ ಮಾಡುವ ಕೆಲಸವೂ ಇದೇ. ಇಂಗ್ಲಿಷಿನಲ್ಲಿ ಈ ಒಂದು ಪ್ರತ್ಯಯದ ಕೆಲಸಕ್ಕೆ ಬೇರೆ ಪದವನ್ನೋ ಇಡಿಯ ಉಪವಾಕ್ಯವನ್ನೋ ತರಬೇಕಾಗುತ್ತದೆ. ಅಂಗಡಿಯವನು ಪ್ರಾಮಾಣಿಕನಾಗಿದ್ದುದರಿಂದ ‘ಅಂತ’ವನ್ನು ಉಳಿಸಿಕೊಂಡಿದ್ದನು. ಆ ಎರಡಕ್ಷರ ತಂದೆಗೆ ಭರವಸೆಯಾಗಿ ನಿಂತಿತ್ತು.

‘ಅಂತ’ದ ಒಡೆಯನನ್ನು ಹುಡುಕುತ್ತ ಹೋದಾಗ ಗುಮಾಸ್ತರು ಮುಖ್ಯೋಪಾಧ್ಯಾಯರನ್ನು ತೋರಿಸಿದರು, ಮುಖ್ಯೋಪಾಧ್ಯಾಯರು ವಹಿಯನ್ನು ತೋರಿಸಿದರು, ವಹಿ ನಾಯಕಿಯನ್ನು ತೋರಿಸಿತು. ಕರೆಸಿದಾಗ ಅವಳು ನಡೆದುದನ್ನು ನಡೆದಂತೆ ಹೇಳಿದಳು. “ಅವನು ಹೇಳಿಯೇ ಒಯ್ದನು ಸರ್. ನಾನು ಆ ಪದಕ್ಕೆ ‘ಹೇಳು’ ಎಂದೇ ಅರ್ಥ ಎಂದುಕೊಂಡೆ. ಯಾವುದನ್ನಾದರೂ ಹಾಕಿರಿ ಎಂದು ನೀವೇ ಹೇಳಿದ್ದಿರಿ” ಎಂದು ಅತ್ತಳು. ಆಗ ‘ಅಂತ’ದ ಜಾಡು ಇಂಗ್ಲಿಷ್ ಉಪಾಧ್ಯಾಯರ ಕರಿಹಲಗೆಯವರೆಗೆ ಬಂದು ನಿಂತಿತು. ಅವರು ತಂದೆಯ ಮುಂದೆ ಕೈಮುಗಿದು, “ತಪ್ಪು ಹುಡುಗನದಲ್ಲ, ಈ ಮಗುವಿನದೂ ಅಲ್ಲ, ನನ್ನದು” ಎಂದರು. ತಂದೆ ಒಂದು ಗಳಿಗೆ ಸುಮ್ಮನಿದ್ದು, “ಕದಿಯಾವ ಹೇಳಿ ಒಯ್ತಾನೇನ್ರಿ ಸರ?” ಎಂದಷ್ಟೇ ನುಡಿದು, ಮಗನನ್ನು ನೋಡಲು ವಿದ್ಯಾರ್ಥಿನಿಲಯದ ಕಡೆಗೆ ಹೊರಟನು. ಅವನ ಒಂದು ದಿನದ ಕೂಲಿ ಹೋಯಿತು. ಆ ರಾತ್ರಿಯ ನಿದ್ದೆ ಹೋಗಿತ್ತು. ಅವೆರಡನ್ನೂ ಹಿಂದಿರುಗಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಅಂದು ರಾತ್ರಿ ಉಪಾಧ್ಯಾಯರು ತಮ್ಮ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಕುಳಿತರು. ಅದರಲ್ಲಿದ್ದ ಪದಗಳು ಒಂದೇ ಅರ್ಥದ ಹಲವು ಉಡುಪುಗಳೆಂದು ಅವರು ಇಷ್ಟು ವರ್ಷ ಮಕ್ಕಳಿಗೆ ತಿಳಿಸಿದ್ದರು. ಈಗ ನೋಡಿದರೆ ಒಂದೊಂದೂ ಒಂದೊಂದು ತೀರ್ಪಾಗಿ ಕಾಣಿಸಿತು. ‘ಪಾಯಿಂಟೆಡ್ ಔಟ್’ ಎಂದು ಬರೆದವನು ಆಡಿದವನ ಮಾತು ನಿಜವೆಂದು ತಾನೂ ಒಪ್ಪಿದಂತೆ. ‘ಕ್ಲೇಮ್ಡ್’ ಎಂದು ಬರೆದವನು, ಅವನು ಹಾಗೆನ್ನುತ್ತಾನೆ, ನಿಜವೋ ಏನೋ ಎಂದು ಸಂದೇಹದ ಹುಬ್ಬನ್ನೇರಿಸಿದಂತೆ. ‘ಡಿನೈಡ್’ ಎಂದರೆ ಅದಕ್ಕೆ ಮೊದಲು ಯಾರೋ ಆಪಾದನೆ ಮಾಡಿದ್ದಾರೆಂದು ಸೂಚಿಸಿದಂತೆ. ‘ಅಲೆಜ್ಡ್’ ಎಂದರೆ ಆರೋಪಿಸಿದ್ದಾರೆ, ಇನ್ನೂ ಸಿದ್ಧವಾಗಿಲ್ಲವೆಂದು ಎಚ್ಚರಿಸಿದಂತೆ. ‘ಅಡ್ಮಿಟೆಡ್’ ಎಂದರೆ ಹೇಳಲು ಮನಸ್ಸಿಲ್ಲದೆ ಇದ್ದುದನ್ನು ಒಪ್ಪಿಕೊಂಡಂತೆ. ಆಡಿದ ಮಾತು ಒಂದೇ ಇರಬಹುದು. ಕ್ರಿಯಾಪದ ಬದಲಾದರೆ ಆಡಿದವನೇ ಬೇರೆ ಮನುಷ್ಯನಾಗಿಬಿಡುತ್ತಾನೆ.

ಮಾನ್ವಿಯಲ್ಲಿ ಕುಳಿತು ಇದನ್ನು ಯೋಚಿಸುವವನಿಗೆ ಜಗನ್ನಾಥದಾಸರ ಐತಿಹ್ಯ ನೆನಪಾಗದಿರುವುದು ಹೇಗೆ? ಹರಿಕಥಾಮೃತಸಾರವನ್ನು ರಚಿಸಿದ ಆ ಹಿರಿಯ ದಾಸರು ಪೂರ್ವಾಶ್ರಮದಲ್ಲಿ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಆಗ ಅವರಿಗೆ ಅಷ್ಟಾಗಿ ಆದರವಿರಲಿಲ್ಲವಂತೆ. ಚೀಕಲಪರವಿಯಲ್ಲಿ ಜನಿಸಿದ ವಿಜಯದಾಸರು ಒಮ್ಮೆ ಊಟಕ್ಕೆ ಆಹ್ವಾನಿಸಿದಾಗ, ಹೊಟ್ಟೆನೋವೆಂದು ಹೇಳಿ ತಪ್ಪಿಸಿಕೊಂಡರಂತೆ. ಬಳಿಕ ಆ ನೋವು ನಿಜವಾಗಿಯೇ ಬಂದು ಅವರನ್ನು ಬಹುಕಾಲ ಬಾಧಿಸಿತಂತೆ. ಕೊನೆಗೆ ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರಿಗೆ ಶರಣಾಗಿ, ಅವರ ಕೃಪೆಯಿಂದ ಗುಣಹೊಂದಿ, ಸ್ವತಃ ದಾಸರಾದರಂತೆ. ಈ ಕಥೆಯ ತಿರುಳು ಒಂದು ಕ್ರಿಯಾಪದದಲ್ಲಿದೆ. ‘ಹೊಟ್ಟೆನೋವು ಇದೆ ಎಂದು ಹೇಳಿದರು’ ಎಂದರೆ ಕಥೆಯೇ ಇಲ್ಲ. ‘ನೆಪ ಹೇಳಿದರು’ ಎಂದಾಗ ಕಥೆ ಹುಟ್ಟುತ್ತದೆ. ಆಡಿದ ಮಾತಿನ ಹಿಂದಿನ ಮನಸ್ಸನ್ನು ಬಲ್ಲವರು ಮಾತ್ರ ‘ನೆಪ’ ಎನ್ನಬಹುದು. ಆದುದರಿಂದಲೇ ಅದನ್ನು ಹೇಳುವ ಭಕ್ತರು ಪ್ರತಿ ವಾಕ್ಯದ ತುದಿಗೂ ವಿನಯದಿಂದ ‘ಅಂತೆ’ಯನ್ನು ಸೇರಿಸುತ್ತಾರೆ.

ಚರಿತ್ರೆಯನ್ನು ಬರೆಯುವವರಿಗೂ ಈ ವಿನಯ ಬೇಕು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೊಡನೆ ಕಾದು ರಾಯಚೂರಿನ ಕೋಟೆಯನ್ನು ಗೆದ್ದುಕೊಂಡನು. ಇದು ನಿಶ್ಚಿತವಾದ ಸಂಗತಿ. ಆ ಯುದ್ಧದ ವಿವರವಾದ ವರ್ಣನೆ ನಮಗೆ ದೊರೆಯುವುದು ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯ ಬರಹದಿಂದ. ಅದನ್ನು ರಾಬರ್ಟ್ ಸ್ಯೂಯೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ರಾಯನ ಸೈನ್ಯದಲ್ಲಿ ಏಳು ಲಕ್ಷಕ್ಕೂ ಮಿಕ್ಕ ಕಾಲಾಳುಗಳಿದ್ದರೆಂದು ನೂನಿಜ್ ಲೆಕ್ಕ ಕೊಡುತ್ತಾನೆ. ಆದರೆ ಅವನು ವಿಜಯನಗರದಲ್ಲಿದ್ದುದು ಯುದ್ಧವಾಗಿ ಸುಮಾರು ಹದಿನೈದು ವರ್ಷಗಳ ತರುವಾಯ. ಕೇಳಿದುದನ್ನು ಬರೆದನೇ ಹೊರತು ಕಂಡುದನ್ನಲ್ಲ. ಆದುದರಿಂದ ವಿವೇಕಿಯಾದ ಚರಿತ್ರಕಾರನು ‘ಏಳು ಲಕ್ಷ ಕಾಲಾಳುಗಳಿದ್ದರು’ ಎಂದು ಬರೆಯುವುದಿಲ್ಲ. ‘ಇದ್ದರೆಂದು ನೂನಿಜ್ ಬರೆಯುತ್ತಾನೆ’ ಎಂದು ಬರೆಯುತ್ತಾನೆ. ‘ಬರೆಯುತ್ತಾನೆ’ ಎಂಬ ಆ ಒಂದು ಪದ ಓದುಗನಿಗೆ ಕೊಟ್ಟ ಗೌರವ.

ಇನ್ನೂ ಹಿಂದಕ್ಕೆ ಹೋದರೆ ಇದೇ ಜಿಲ್ಲೆಯ ಮಸ್ಕಿಯ ಬಂಡೆ ಎದುರಾಗುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ ಎಂಬಾತನ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಕಾಣಿಸಿತು. ಅದುವರೆಗೆ ಬಂಡೆಗಳ ಮೇಲೆ ‘ದೇವಾನಾಂಪ್ರಿಯನು ಹೀಗೆನ್ನುತ್ತಾನೆ’ ಎಂಬ ಮಾತನ್ನು ಓದಿದ್ದ ವಿದ್ವಾಂಸರಿಗೆ, ಹಾಗೆಂದವನು ಯಾರೆಂಬುದಕ್ಕೆ ಶಿಲೆಯೇ ಸಾಕ್ಷಿ ನುಡಿಯಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ ಇನ್ನೊಂದು ಬೆರಗು. ಸುವರ್ಣಗಿರಿಯಲ್ಲಿದ್ದ ರಾಜಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಚಕ್ರವರ್ತಿಯ ಮಾತನ್ನು ಮುಟ್ಟಿಸಿದ ಬಗೆ ಅದು. ಮೊದಲು ಅವರ ಕ್ಷೇಮವನ್ನು ಕೇಳಿ, ಆಮೇಲೆ ದೇವಾನಾಂಪ್ರಿಯನ ಮಾತನ್ನು ಇಡುತ್ತಾರೆ. ಅಲ್ಲಿ ಒಂದೆಡೆ ‘ಆಣಪಯತಿ’, ಎಂದರೆ ಆಜ್ಞಾಪಿಸುತ್ತಾನೆ, ಎಂಬ ಪದವಿದೆ. ಮುಂದೆ ತಾಯಿ ತಂದೆಗಳ ಶುಶ್ರೂಷೆ ಮಾಡಬೇಕೆಂಬ ಉಪದೇಶದೆಡೆಯಲ್ಲಿ ‘ಆಹ’, ಎಂದರೆ ಹೇಳುತ್ತಾನೆ, ಎಂಬ ಪದವಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆಯೇ, ಆಡಿದ ಮಾತನ್ನು ಮುಟ್ಟಿಸಲು ಒಂದಕ್ಕಿಂತ ಹೆಚ್ಚು ಕ್ರಿಯಾಪದಗಳನ್ನು ಈ ನಾಡಿನ ಬಂಡೆಗಳ ಮೇಲೆ ಕೊರೆದಿದ್ದರು.

ಮರುದಿನ ಉಪಾಧ್ಯಾಯರು ತರಗತಿಗೆ ಬಂದು ಹಳೆಯ ಪಟ್ಟಿಯನ್ನು ಅಳಿಸಿದರು. ಅದರ ಎಡೆಯಲ್ಲಿ ಕಾಲುವೆಯ ನೀರಿನ ಒಂದು ಮಾತನ್ನು ಬರೆದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಹೊಲಗಳಿಗೆ ನೀರು ತಲಪುವುದು ಎಷ್ಟು ಕಷ್ಟವೆಂಬುದು ಮಾನ್ವಿಯ ಮಕ್ಕಳಿಗೆ ಹೇಳಿಕೊಡಬೇಕಾದ ವಿಷಯವಲ್ಲ. “ಒಬ್ಬ ಅಧಿಕಾರಿ ‘ಹತ್ತು ದಿನಗಳಲ್ಲಿ ನೀರು ಬರುತ್ತದೆ’ ಎಂದನೆಂದು ಭಾವಿಸಿರಿ. ಇದನ್ನು ಊರಿಗೆ ಹೇಗೆ ತಿಳಿಸುವಿರಿ?” ಎಂದು ಕೇಳಿದರು. ಒಬ್ಬ ಹುಡುಗ ಎದ್ದು ‘ಪ್ರಾಮಿಸ್ಡ್’ ಎಂದನು. “ಮಾತು ಕೊಟ್ಟನೇ? ಅವನು ‘ಬರುತ್ತದೆ’ ಎಂದನೇ ಹೊರತು ‘ತರುತ್ತೇನೆ’ ಎನ್ನಲಿಲ್ಲ. ನಿನ್ನ ಪದವನ್ನು ನಂಬಿ ರೈತ ಭತ್ತದ ಸಸಿ ನಾಟಿದರೆ, ನೀರು ಬಾರದೆ ಒಣಗಿದರೆ, ಹೊಣೆ ಯಾರದು?” ಎಂದರು. ಇನ್ನೊಬ್ಬಳು ‘ಕ್ಲೇಮ್ಡ್’ ಎಂದಳು. “ಅವನು ಸುಳ್ಳಾಡುತ್ತಾನೆಂದು ನಿನಗೆ ಗೊತ್ತೇ?” ಎಂದರು. ತರಗತಿ ಸ್ತಬ್ಧವಾಯಿತು. ಕೊನೆಗೆ ಹಿಂದಿನ ಬೆಂಚಿನಿಂದ ಒಂದು ಮೆಲುದನಿ ‘ಸೆಡ್’ ಎಂದಿತು. “ಹೌದು, ತಿಳಿಯದಿರುವಾಗ ಇದೇ ಸತ್ಯವಾದ ಪದ. ಇದು ಬಡವಾದರೂ ಯಾರ ಮೇಲೆಯೂ ಹೊರೆ ಹೊರಿಸದು” ಎಂದು ಉಪಾಧ್ಯಾಯರು ಒಪ್ಪಿದರು.

ಬಳಿಕ ಅವರು ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಬರೆಸಿದರು. ಆಡಿದವನು ಏನು ಮಾಡುತ್ತಿದ್ದನು—ತಿಳಿಸುತ್ತಿದ್ದನೆ, ಕೇಳುತ್ತಿದ್ದನೆ, ಬೇಡುತ್ತಿದ್ದನೆ, ಎಚ್ಚರಿಸುತ್ತಿದ್ದನೆ? ಅದು ನಿನಗೆ ಹೇಗೆ ತಿಳಿಯಿತು—ಅವನ ಮಾತಿನಿಂದಲೋ, ನಿನ್ನ ಊಹೆಯಿಂದಲೋ? ನೀನು ಆರಿಸಿದ ಪದವನ್ನು ಅವನ ಎದುರಿನಲ್ಲಿ ಓದಿದರೆ ಅವನು ‘ಹೌದು, ನಾನು ಮಾಡಿದುದು ಅದೇ’ ಎಂದು ಒಪ್ಪುವನೆ? ಈ ಮೂರನ್ನೂ ದಾಟಿ ಬಂದ ಪದವನ್ನು ಧಾರಾಳವಾಗಿ ಬಳಸಬಹುದು. ಗೆಳೆಯನು ‘ಆ ಬಾವಿಯ ಹತ್ತಿರ ಹೋಗಬೇಡ, ಕಟ್ಟೆ ಕುಸಿದಿದೆ’ ಎಂದಾಗ ‘ವಾರ್ನ್ಡ್’ ಎನ್ನದೆ ‘ಸೆಡ್’ ಎಂದರೆ ಅವನ ಕಾಳಜಿಯನ್ನೇ ಕಳೆದಂತೆ. ಪದ ಕಡಿಮೆಯಾದರೂ ಅನ್ಯಾಯ, ಹೆಚ್ಚಾದರೂ ಅನ್ಯಾಯ.

ನಮ್ಮ ಕನ್ನಡದಲ್ಲಿಯೂ ಇಂತಹ ಪದಗಳಿಗೆ ಬಡತನವಿಲ್ಲ. ಎಂದನು, ನುಡಿದನು, ಉಸುರಿದನು, ಗೊಣಗಿದನು, ಗದರಿದನು, ಹಂಗಿಸಿದನು, ಅಲ್ಲಗಳೆದನು, ಆಣೆಯಿಟ್ಟನು ಎಂದು ಹೇಳುತ್ತ ಹೋಗಬಹುದು. ಪತ್ರಿಕೆಗಳಲ್ಲಿ ‘ತಿಳಿಸಿದರು’ ಎಂಬುದಕ್ಕೂ ‘ಆರೋಪಿಸಿದರು’ ಎಂಬುದಕ್ಕೂ ಅಂತರವಿದೆ. ನ್ಯಾಯಾಲಯವಂತೂ ಈ ವಿಷಯದಲ್ಲಿ ಬಹಳ ಬಿಗಿ. ಬಾಯಿಮಾತಿನ ಸಾಕ್ಷ್ಯ ಕಂಡವನಿಂದಲೇ, ಕೇಳಿದವನಿಂದಲೇ ನೇರವಾಗಿ ಬರಬೇಕೆಂದು 1872ರ ಸಾಕ್ಷ್ಯ ಅಧಿನಿಯಮ ವಿಧಿಸಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ತತ್ತ್ವವನ್ನು ಉಳಿಸಿಕೊಂಡಿದೆ. ಅಲ್ಲಿ ಕೇಳಲಾಗುವ ಪ್ರಶ್ನೆಯೂ ಹತ್ತಿ ಬಿಡಿಸುವ ಆ ತಂದೆ ಕೇಳಿದ ಪ್ರಶ್ನೆಯೇ: ಆ ‘ಅಂತ’ ಯಾರದು?

ಜ್ವರ ಇಳಿದ ಮೇಲೆ ಹುಡುಗನು ನಿಘಂಟಿನೊಡನೆ ಶಾಲೆಗೆ ಬಂದನು. ಅದರ ಹರಿದ ರಟ್ಟಿಗೆ ಅವನು ಹಳೆಯ ವೃತ್ತಪತ್ರಿಕೆಯ ಹೊದಿಕೆ ಹಾಕಿದ್ದನು. ಒಳಗೆ ಒಂದು ಚೀಟಿ. ಅದರಲ್ಲಿ ಉಪಾಧ್ಯಾಯರ ಪಟ್ಟಿಯ ಹನ್ನೆರಡು ಪದಗಳೂ, ಅವುಗಳ ಎದುರಿಗೆ ಅವನು ಹುಡುಕಿ ಬರೆದ ಕನ್ನಡ ಅರ್ಥಗಳೂ ಇದ್ದವು. ಅವನು ನಿಘಂಟನ್ನು ಒಯ್ದುದು ಅದಕ್ಕಾಗಿಯೇ ಆಗಿತ್ತು.

ನಾಯಕಿ ಆ ಚೀಟಿಯನ್ನು ಬಹಳ ಹೊತ್ತು ನೋಡಿದಳು. ಬಳಿಕ ವಹಿಯನ್ನು ತೆರೆದು ಹಳೆಯ ವಾಕ್ಯವನ್ನು ಹೊಡೆದುಹಾಕಿ ಹೊಸದಾಗಿ ಬರೆದಳು. ಈ ಸಲ ‘ಟೋಲ್ಡ್ ಮಿ’ ಎಂದು ಬರೆದಳು. ಟೆಲ್ ಎಂಬ ಪದಕ್ಕೆ ಕೇಳಿದವರು ಯಾರೆಂಬುದು ಜೊತೆಯಲ್ಲಿಯೇ ಬೇಕೆಂಬುದು ವ್ಯಾಕರಣದ ನಿಯಮ. ಅವಳು ಮೊದಲು ಬರೆದ ವಾಕ್ಯದಲ್ಲಿ ಹುಡುಗನೊಬ್ಬನೇ ನಿಂತಿದ್ದನು. ಈಗ ‘ನನಗೆ ಹೇಳಿದನು’ ಎನ್ನುತ್ತ ಅವಳೂ ಬಂದು ಅವನ ಪಕ್ಕದಲ್ಲಿ ಸಾಕ್ಷಿಯಾಗಿ ನಿಂತಳು. ಉಪಾಧ್ಯಾಯರು ಆ ವಾಕ್ಯವನ್ನು ಓದಿ, ಒಂದಕ್ಷರವನ್ನೂ ತಿದ್ದದೆ, ಕೆಳಗೆ ತಮ್ಮ ಸಹಿಯನ್ನು ಹಾಕಿದರು.